ಹಸಿರು ನೀರಿನ ಮೀಮಾಂಸೆ

ಬೇಸಿಗೆ ರಜೆಗೆ ಈಜಲು ಬರುವವರು ಮತ್ತು ಪಾಚಿ ಹೆಚ್ಚುಕಡಿಮೆ ಒಂದೇ ಮುಹೂರ್ತಕ್ಕೆ ನೀರಿಗಿಳಿಯುತ್ತಾರಾದರೂ, ಇವರಿಬ್ಬರಲ್ಲಿ ಪಾಚಿಯೇ ಮೊದಲು ಬಂದು ಜಾಗ ಹಿಡಿದಿರುತ್ತದೆ ಎಂಬುದು ಸರ್ವವಿದಿತ. ಈ ವಿಷಯದಲ್ಲಿ ಪಾಚಿಗೆ ಬಡವ-ಬಲ್ಲಿದ ಭೇದವಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳವು ಸ್ಪರ್ಧೆಯ ನಡುವೆಯೇ ಹಸಿರಾಗಿ ಜಗತ್ತಿಗೆ ದರ್ಶನ ಕೊಟ್ಟಿತು. ಕ್ಲೋರಿನ್ ಇದ್ದ ನೀರಿಗೆ 80 ಲೀಟರ್ ಹೈಡ್ರೊಜನ್ ಪೆರಾಕ್ಸೈಡ್ ಸುರಿದದ್ದರಿಂದ ಒಂದು ಮದ್ದು ಇನ್ನೊಂದು ಮದ್ದನ್ನು ಕೊಂದಿತೆಂದೂ, ಇಬ್ಬರ ಜಗಳದಲ್ಲಿ ಪಾಚಿ ಗೆದ್ದಿತೆಂದೂ ಆಮೇಲೆ ತಿಳಿದುಬಂತು.

ಪಟ್ಟಣದ ಶ್ರೀಮಂತರಲ್ಲಿ ಈಚೆಗೆ ಉಪ್ಪುನೀರಿನ ಈಜುಕೊಳದ ಖಯಾಲಿ ಹೆಚ್ಚಿದೆ. ಲೀಟರಿಗೆ 3ರಿಂದ 4 ಗ್ರಾಂ, ಅಂದರೆ ಸಮುದ್ರದ ಉಪ್ಪಿನ ಸುಮಾರು ಹತ್ತನೇ ಒಂದು ಪಾಲು, ಉಪ್ಪನ್ನು ಕರಗಿಸಿ, ಆ ನೀರನ್ನು ವಿದ್ಯುತ್ ಹರಿಯುವ ತಗಡುಗಳ ನಡುವೆ ಹಾಯಿಸಿದರೆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ. ಒಂದು ಲಕ್ಷ ಲೀಟರಿನ ಕೊಳಕ್ಕೆ ಹೀಗೆ 50 ಕಿಲೋದ ಆರರಿಂದ ಎಂಟು ಚೀಲ ಉಪ್ಪು ಬೇಕು. ಸಿರುಗುಪ್ಪ ತಾಲೂಕಿನ ಸಿರಿಗೇರಿ ಸೀಮೆಯಲ್ಲಾದರೋ ಈ ಖರ್ಚನ್ನು ಭೂಮಿಯೇ ಎಷ್ಟೋ ಕಡೆ ವಹಿಸಿಕೊಂಡಿದೆ. 1950ರ ದಶಕದಿಂದ ತುಂಗಭದ್ರೆಯ ಕಾಲುವೆ ನೀರು ಎರೆ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿದ ಮೇಲೆ, ನೀರು ನಿಂತು ನಿಂತು ನೆಲದಡಿಯ ಲವಣ ಮೇಲೇರಿ ಬಂದು, ಮಣ್ಣೂ ಬಾವಿಯೂ ಉಪ್ಪಾಗುವ ಸ್ಥಿತಿಗೆ ಸವಳು ಎನ್ನುತ್ತಾರೆ. ಇಂಥ ಬಾವಿಗೆ ಜಿಗಿಯುವ ಹುಡುಗನು ಉಪ್ಪುನೀರಿನ ಈಜುಕೊಳದ ಸುಖವನ್ನು ಚಂದಾ ಕಟ್ಟದೆಯೇ ಅನುಭವಿಸುತ್ತಾನೆ. ಕೊರತೆಯೆಂದರೆ ವಿದ್ಯುತ್ ತಗಡು ಮಾತ್ರ, ಅದಿಲ್ಲದ ಉಪ್ಪು ಪಾಚಿಯ ಕೂದಲನ್ನೂ ಕೊಂಕಿಸದು.

ಹಸಿರಿನ ಮೂಲವನ್ನು ಅರಸುವುದು ಕಷ್ಟವಲ್ಲ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ ಏಕಕೋಶದ ಸಸ್ಯಗಳಾದ ಈ ಪಾಚಿಗೆ ನಿಂತ ನೀರು, ಬಿಸಿಲು ಮತ್ತು ಆಹಾರ ಇವು ಮೂರು ಸಿಕ್ಕರೆ ಸಾಕು. ಕಾಲುವೆ ಬಂದ್ ಆಗಿ ನೀರು ಅಲುಗಾಡದೆ ನಿಲ್ಲುತ್ತದೆ. ಬಳ್ಳಾರಿಯ ಬಿಸಿಲು 40 ಡಿಗ್ರಿಗೆ ಕಡಿಮೆ ಬೀಳದಂತೆ ಮರ್ಯಾದೆ ಕಾಪಾಡಿಕೊಳ್ಳುತ್ತದೆ. ಭತ್ತಕ್ಕೆಂದು ಎರಚಿದ ಯೂರಿಯಾ, ಡಿಎಪಿಗಳಲ್ಲಿ ಒಂದಿಷ್ಟು ಬಸಿದು ಬಾವಿಗೂ ಸೇರಿ, ರೈತನ ಖರ್ಚಿನಲ್ಲಿ ಎರಡನೆಯ ಬೆಳೆಯೊಂದು ಏಳುತ್ತದೆ.

ಆಗ ಬಾವಿಯ ದಂಡೆಯ ಮೇಲೆ ತಜ್ಞರ ಸಭೆ ಸೇರುವುದು ವಾಡಿಕೆ. ಒಬ್ಬರು ಪಟಿಕ ಎನ್ನುತ್ತಾರೆ, ಇನ್ನೊಬ್ಬರು ಮೈಲುತುತ್ತ, ಮತ್ತೊಬ್ಬರು ಸುಣ್ಣ, ಮಗದೊಬ್ಬರು ಮೀನು ಬಿಡಿ ಎನ್ನುತ್ತಾರೆ. ಎಲ್ಲರನ್ನೂ ಮನ್ನಿಸುವ ಸಜ್ಜನನೊಬ್ಬನು ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಮೈಲುತುತ್ತದಿಂದ ಮೀನು ಸಾಯುತ್ತದೆ, ಸುಣ್ಣದಿಂದ ನೀರು ಇನ್ನಷ್ಟು ಗಡಸಾಗುತ್ತದೆ, ರಿಯೊ ನಗರಕ್ಕೂ ಸಿರಿಗೇರಿಗೂ ಅಂತರ ಉಳಿಯುವುದಿಲ್ಲ. ಕತಕವೃಕ್ಷದ ಫಲ ನೀರನ್ನು ತಿಳಿಗೊಳಿಸುವುದಾದರೂ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂದು ಮನುಸ್ಮೃತಿಯ ಆರನೆಯ ಅಧ್ಯಾಯ ಹೇಳುತ್ತದೆ. ಸ್ಮೃತಿಕಾರನೂ ಇಂಥದೊಂದು ದಂಡೆಯ ಮೇಲೆ ಕೂತಿದ್ದನೆಂದು ಊಹಿಸಲು ಅಡ್ಡಿಯಿಲ್ಲ.

ಕೆಲಸ ಮಾತ್ರ ಲೆಕ್ಕದಿಂದ ಶುರುವಾಗುತ್ತದೆ. 5 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 78,500 ಲೀಟರ್. ಕುಡಿಯುವ ಬಾವಿಗೆ 1,000 ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಎಂಬ ಪ್ರಮಾಣದಲ್ಲಿ ಇದಕ್ಕೆ 200 ಗ್ರಾಂ ಸಾಕಾದರೂ, ಪಾಚಿಯನ್ನು ಕೊಲ್ಲಲು ಅದರ ಹತ್ತಾರು ಪಟ್ಟು, ಅಂದರೆ ಎರಡೂವರೆ ಕಿಲೋದ ಆಸುಪಾಸು ಬೇಕಾಗುತ್ತದೆ. ಪುಡಿಯನ್ನು ಕಂಡಕಂಡಲ್ಲಿ ಚೆಲ್ಲದೆ ಬಕೆಟ್ಟಿನಲ್ಲಿ ಕಲಕಿ, ಸುಣ್ಣದ ಗಸಿ ತಳಕ್ಕೆ ಕೂರುವ ತನಕ ಕಾದು, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಜಗ್ಗಾಡಬೇಕು. ಇದಕ್ಕೆ ಸಂಜೆಯೇ ಸಕಾಲ, ಏಕೆಂದರೆ ಕ್ಲೋರಿನ್ ಬಿಸಿಲಿಗೆ ಕರಗಿಹೋಗುವ ಸುಕುಮಾರಿ. ಕ್ಷಾರ ಹೆಚ್ಚಿದ ನೀರಿನಲ್ಲಿಯೂ ಅದು ಮೈಗಳ್ಳತನ ತೋರುತ್ತದೆ. ಸವಳು ಬಾವಿಯಲ್ಲಿ ಅದಕ್ಕೆ ನೆಪ ಮೊದಲೇ ಸಿದ್ಧವಾಗಿರುತ್ತದೆ, ಹಗಲಿಡೀ ಇಂಗಾಲಾಮ್ಲವನ್ನು ಹೀರಿ ಕ್ಷಾರವನ್ನು ಏರಿಸುವ ಪಾಚಿಯೂ ಅದಕ್ಕೆ ಒತ್ತಾಸೆಯಾಗುತ್ತದೆ.

ಮಾರನೆಯ ದಿನ ಹಸಿರು ಹೋಗಿ ಬೂದು ಬಣ್ಣ ಬಂದಾಗ ದಂಡೆಯ ಸಭೆ ಮದ್ದು ಕೆಟ್ಟಿತೆಂದು ಠರಾವು ಮಾಡುವುದುಂಟು. ವಾಸ್ತವದಲ್ಲಿ ಅದು ಸತ್ತ ಪಾಚಿ, ಗೆಲುವಿನ ಗುರುತು. ಪಟಿಕದ ಸರದಿ ಬರುವುದು ಆಗ: ತೇಲುವ ಕಣಗಳನ್ನು ಅದು ಗುಂಪು ಕೂಡಿಸಿ ತಳಕ್ಕೆ ಇಳಿಸುತ್ತದೆ, ಆ ಗಸಿಯನ್ನು ಮೋಟರಿನಿಂದ ಹೊರಹಾಕಬೇಕು. ಶ್ರೀಮಂತರ ಕೊಳದಲ್ಲಿ ಫಿಲ್ಟರನ್ನು ಹಗಲಿರುಳು ಓಡಿಸಿ ಮಾಡುವ ಕೆಲಸವೂ ಇದೇ, ಬಿಲ್ಲು ಮಾತ್ರ ಬೇರೆ. ನೀರಿಗೆ ಹಾಕುವ ವಸ್ತುಗಳಲ್ಲೆಲ್ಲ ತಾಳ್ಮೆಯೇ ಅಗ್ಗದ್ದು, ಅದನ್ನೇ ಯಾರೂ ಹಾಕುವುದಿಲ್ಲ. ಆದ್ದರಿಂದ ಓದುಗರಲ್ಲಿ ವಿನಂತಿ: ತಳದ ಮೆಟ್ಟಿಲು ಕಣ್ಣಿಗೆ ಕಾಣುವ ತನಕ, ಕ್ಲೋರಿನ್ನಿನ ಘಾಟು ಇಳಿಯುವ ತನಕ, ಬೆನ್ನಿಗೆ ಬೆಂಡು ಕಟ್ಟಿಕೊಂಡು ಎಷ್ಟೇ ಹಟ ಹಿಡಿದರೂ ಮಕ್ಕಳನ್ನು ನೀರಿಗೆ ಬಿಡಬೇಡಿ, ಹಸಿರು ನೀರಿನಲ್ಲಿ ಮುಳುಗಿದವರು ಮೇಲಿದ್ದವರ ಕಣ್ಣಿಗೆ ಕಾಣುವುದಿಲ್ಲ.