ಅಪರ ಕಚೇರಿ ಕರ್ಮ ಪ್ರಯೋಗ

ಮನುಷ್ಯನಿಗೆ ಶರೀರಗಳು ಎರಡು ಎಂಬುದು ಈ ಗ್ರಂಥಕರ್ತನ ಸಿದ್ಧಾಂತ. ಒಂದು ಸ್ಥೂಲ ಶರೀರ. ಅದನ್ನು ಸುಡಬಹುದು, ಹೂಳಬಹುದು. ಇನ್ನೊಂದು ದಾಖಲಾ ಶರೀರ. ಪಹಣಿ, ಪಾಸ್‌ಬುಕ್, ವಿಮಾ ಪಾಲಿಸಿ, ಸೈಟಿನ ಖಾತೆ ಮತ್ತು ಗೆಳೆಯನ ಮಾತು ನಂಬಿ ಕೊಂಡ ಷೇರು, ಈ ಐದು ಅದರ ಪಂಚಭೂತಗಳು. ಆರನೆಯದಾದ ಕೈಸಾಲವನ್ನು ಮನೆಯವರು ಎಣಿಕೆಗೆ ಹಿಡಿಯುವುದಿಲ್ಲ, ಸಾಲ ಕೊಟ್ಟವರು ಮಾತ್ರ ಹಿಡಿಯುತ್ತಾರೆ. ಸ್ಥೂಲ ಶರೀರದ ವಿಸರ್ಜನೆಗೆ ಪುರೋಹಿತರಿದ್ದಾರೆ, ಹದಿಮೂರು ದಿನದಲ್ಲಿ ಮುಗಿಸಿ ಕೈ ತೊಳೆಯುತ್ತಾರೆ. ದಾಖಲಾ ಶರೀರದ ವಿಸರ್ಜನೆಗಿರುವುದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಇದರ ಋತ್ವಿಜರು ಕಪ್ಪು ಕೋಟು ಧರಿಸುತ್ತಾರೆ. ಎಷ್ಟು ದಿನದ ಕರ್ಮವೆಂದು ಅವರನ್ನು ಕೇಳಬಾರದು, ಕೇಳಿದರೆ ಮುಂದಿನ ತಾರೀಖು ಹೇಳುತ್ತಾರೆ.

ಎರಡೂ ಕರ್ಮಗಳು ಮೂಲತಃ ಒಂದೇ ಎಂಬುದಕ್ಕೆ ಮೊದಲ ಪ್ರಮಾಣ ಸೂತಕ. ಅಧಿನಿಯಮದ 293ನೆಯ ಕಲಮಿನಂತೆ, ಸತ್ತ ದಿನ ಬಿಟ್ಟು ಪೂರ್ತಿ ಏಳು ದಿನ ಕಳೆಯದೆ ಉಯಿಲಿಗೆ ಪ್ರೊಬೇಟ್, ಅಂದರೆ ಕೋರ್ಟಿನ ಒಪ್ಪಿಗೆಯ ಮುದ್ರೆ, ಕೊಡುವಂತಿಲ್ಲ. ಆಡಳಿತಾಧಿಕಾರ ಪತ್ರವಾದರೆ ಹದಿನಾಲ್ಕು ದಿನ ಕಳೆಯಬೇಕು. ಅಂದರೆ ಉಯಿಲು ಬರೆದು ನಿರ್ವಾಹಕನನ್ನು ಹೆಸರಿಸಿ ಸತ್ತವನಿಗೆ ಏಳು ದಿನದ ಸೂತಕ, ಅಷ್ಟು ಮಾಡದೆ ಹೋದವನಿಗೆ ಅದರ ಇಮ್ಮಡಿ. ಸ್ಮೃತಿಕಾರರು ಸೂತಕವನ್ನು ವರ್ಣ ನೋಡಿ ಹೇಳಿದರು, ಬ್ರಿಟಿಷರು ಕಾಗದ ನೋಡಿ ಹೇಳಿದರು. ಪ್ರಗತಿ ಎಂದರೆ ಇದೇ ಇರಬೇಕು.

ಎರಡನೆಯ ಪ್ರಮಾಣ ಮಾಸಿಕಗಳು. ನಮ್ಮಲ್ಲಿ ಆರು ತಿಂಗಳಿಗೆ ಊನ ಷಾಣ್ಮಾಸಿಕ, ವರ್ಷಕ್ಕೆ ಆಬ್ದಿಕ. 317ನೆಯ ಕಲಮು ನಿರ್ವಾಹಕನಿಗೆ ವಿಧಿಸುವುದೂ ಅದನ್ನೇ: ಆರು ತಿಂಗಳೊಳಗೆ ಆಸ್ತಿಯ ತಖ್ತೆ, ವರ್ಷದೊಳಗೆ ಜಮಾಖರ್ಚು. ಗಣನೆಯಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಪುರೋಹಿತರು ಸಾವಿನ ತಿಥಿಯಿಂದ ಎಣಿಸುತ್ತಾರೆ, ಕೋರ್ಟು ಪ್ರೊಬೇಟ್ ಕೊಟ್ಟ ದಿನದಿಂದ ಎಣಿಸುತ್ತದೆ. ತಮ್ಮ ತಕರಾರು ಹೂಡಿ ಪ್ರೊಬೇಟಿಗೆ ನಾಲ್ಕು ವರ್ಷ ಹಿಡಿಯಿತೆನ್ನಿ, ಆಗ ಷಾಣ್ಮಾಸಿಕ ಐದನೆಯ ವರ್ಷಕ್ಕೆ ಬೀಳುತ್ತದೆ. ಅಷ್ಟರಲ್ಲಿ ತಖ್ತೆಯಲ್ಲಿ ಬರೆಯಬೇಕಾದ ಎಮ್ಮೆ ಬದುಕಿರುವುದಿಲ್ಲ.

ದಕ್ಷಿಣೆಯ ವಿಷಯದಲ್ಲಿ ಕಾನೂನು ಪುರೋಹಿತರ ಪಕ್ಷ ವಹಿಸಿದೆ ಎಂದು ತಿಳಿದು ಅನೇಕರಿಗೆ ಆಶ್ಚರ್ಯವಾದೀತು. 320ನೆಯ ಕಲಮಿನ ಪ್ರಕಾರ ಅಂತ್ಯಕ್ರಿಯೆಯ ವೆಚ್ಚ, ಸತ್ತವನ ಅಂತಸ್ತಿಗೆ ತಕ್ಕಷ್ಟು, ಎಲ್ಲ ಸಾಲಕ್ಕಿಂತ ಮೊದಲು ಸಲ್ಲಬೇಕು. ವೈದ್ಯರ ಶುಲ್ಕವೂ ಸಾವಿಗೆ ಹಿಂದಿನ ಒಂದು ತಿಂಗಳ ಊಟ ವಸತಿಯ ಖರ್ಚೂ ಅದೇ ಸಾಲಿನಲ್ಲಿವೆ. ಆಮೇಲೆ ಪ್ರೊಬೇಟ್ ಪಡೆದ ಖರ್ಚು. ಆಮೇಲೆ ಕೂಲಿಯವನಿಗೆ, ಮನೆಗೆಲಸದವರಿಗೆ ಕೊನೆಯ ಮೂರು ತಿಂಗಳ ಬಾಕಿ ಸಂಬಳ. ಸಾಲ ಕೊಟ್ಟ ಇತರರು ಅವರ ಹಿಂದೆ ನಿಲ್ಲಬೇಕು, ಮಕ್ಕಳು ಎಲ್ಲರಿಗಿಂತ ಹಿಂದೆ. ಮನೆಗೆಲಸದವಳ ಸಂಬಳವನ್ನು ಅಮೆರಿಕದ ಮಗನ ಪಾಲಿಗಿಂತ ಮುಂದಿಟ್ಟ ಈ ಒಂದು ಕಾರಣಕ್ಕೆ, ಉಳಿದೆಲ್ಲ ಕಲಮುಗಳ ಭಾಷೆಯನ್ನು ನಾನು ಕ್ಷಮಿಸಿದ್ದೇನೆ. ಅಂತಸ್ತನ್ನು ನಿರ್ಣಯಿಸುವುದು ಮಾತ್ರ ಕಷ್ಟ. ವೈಕುಂಠ ಸಮಾರಾಧನೆಯಲ್ಲಿ ಎರಡನೆಯ ಸಿಹಿ ಅಂತಸ್ತಿಗೆ ತಕ್ಕದ್ದೇ, ಅಲ್ಲ ದುಂದೇ ಎಂಬ ಪ್ರಶ್ನೆಗೆ ಅಧಿನಿಯಮ ಮೌನ ವಹಿಸಿದೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಂತು ಕೇಳುತ್ತಾನೆ: ಇಷ್ಟೆಲ್ಲ ಏಕೆ? ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರಾ ಬರೆದಾಗ ಪ್ರೊಬೇಟ್ ಇತ್ತೇ? ಪ್ರಶ್ನೆ ಸಾಧುವಾದದ್ದು. ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಿತಾಕ್ಷರೆಯಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಅದು ಅಪ್ರತಿಬಂಧ ದಾಯ. ಸಂತಾನವಿಲ್ಲದವನ ಆಸ್ತಿ ತಮ್ಮನಿಗೋ ತಮ್ಮನ ಮಗನಿಗೋ ಹೋಗುವುದು ಸಪ್ರತಿಬಂಧ ದಾಯ, ಸತ್ತ ಮೇಲೆ ಮಾತ್ರ. ಬಂಗಾಳದ ಜೀಮೂತವಾಹನ ಇದನ್ನು ಒಪ್ಪದೆ, ಅಪ್ಪ ಬದುಕಿರುವ ತನಕ ಮಗನಿಗೆ ಏನೂ ಇಲ್ಲ ಎಂದು ದಾಯಭಾಗದಲ್ಲಿ ವಾದಿಸಿದ. ಶತಮಾನಗಳ ಮೇಲೆ ಹಿಂದೂ ಉಯಿಲುಗಳ ಕಾಯ್ದೆಯೂ (1870) ಮುಖ್ಯವಾಗಿ ಹೆಜ್ಜೆಯಿಟ್ಟದ್ದು ಆ ಕಡೆಯಲ್ಲೇ. ಇಂದಿನ ವಿದ್ವಾಂಸರ ಅನುಭವವೇನೆಂದರೆ, ಮಗನಾಗಲಿ ತಮ್ಮನಾಗಲಿ, ಕೌಂಟರಿನ ಗಾಜಿನ ಆಚೆ ಗುಮಾಸ್ತರು ಕೂತಿರುವ ತನಕ ಎಲ್ಲ ದಾಯವೂ ಸಪ್ರತಿಬಂಧವೇ.

ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಭಾಗಿಸುತ್ತಾರೆ. ಪ್ರೊಬೇಟ್ ಯಾವುದು? ಭೂಗೋಳದ ಮೇಲೆ ಹೋಗುತ್ತಿತ್ತು. ಬಂಗಾಳ ಪ್ರಾಂತ್ಯದಲ್ಲಿ, ಮದ್ರಾಸ್, ಬೊಂಬಾಯಿ ನಗರಗಳ ಒಳಗೆ ಬರೆದ ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಹಿಂದೂ ಉಯಿಲಿಗೆ ಅದನ್ನು ಕಡ್ಡಾಯ ಮಾಡಿದ್ದರು. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಆದರೂ ಆ ನಗರಗಳ ಗಡಿಯೊಳಗಿರಲಿಲ್ಲವಾದ್ದರಿಂದ ಎರಡೂ ಪಾರಾದವು. ಮೈಸೂರಂತೂ ಮಹಾರಾಜರದ್ದು. ಹೀಗೆ ಕನ್ನಡ ನಾಡಿನ ಹಿಂದೂವಿಗೆ ಪ್ರೊಬೇಟ್ ಬರೀ ಕಾಮ್ಯಕರ್ಮ. ಬೇಕೆಂದವನು ಮಾಡಿಸಿಕೊಳ್ಳಬಹುದು. ಬೇಕೆನ್ನುವವರು ಸಾಮಾನ್ಯವಾಗಿ ಬ್ಯಾಂಕಿನವರು.

ಉಯಿಲು ಬರೆಯುವ ವಿಧಾನ ಸುಲಭ. ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳಿರಬೇಕು, ನೋಂದಣಿ ಐಚ್ಛಿಕ. ಕಷ್ಟವಿರುವುದು ಉಯಿಲು ಓದುವುದರಲ್ಲಿ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಪ್ರಕರಣ ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ 1959ರ ವರದಿಗಳಲ್ಲಿ ಅಚ್ಚಾಯಿತು. ಅದು ಇಂದಿಗೂ ದೇಶದ ಎಲ್ಲ ಉಯಿಲು ವ್ಯಾಜ್ಯಗಳ ಮಂಗಳಾಚರಣೆ. ಉಯಿಲನ್ನು ಎತ್ತಿ ಹಿಡಿದ ನಿರ್ವಾಹಕರೇ ಅದರ ತಯಾರಿಯಲ್ಲಿ ಓಡಾಡಿದ್ದರು, ಅವರ ಮಕ್ಕಳಿಗೇ ಗಣನೀಯ ಪಾಲು ಬಂದಿತ್ತು. ಬೇರೆ ಪತ್ರಗಳನ್ನು ಬರೆದವನು ಬಂದು ಹೇಳಬಲ್ಲ, ಉಯಿಲು ಬರೆದವನು ಬಾರ. ಆದ್ದರಿಂದ ಶಂಕಾಸ್ಪದ ಸಂಗತಿಗಳನ್ನೆಲ್ಲ ಉಯಿಲು ತಂದವನೇ ನಿವಾರಿಸಿ ನ್ಯಾಯಾಲಯದ ಅಂತಃಕರಣವನ್ನು ಒಪ್ಪಿಸಬೇಕೆಂದು ಕೋರ್ಟು ವಿಧಿಸಿತು. ಅಯ್ಯಂಗಾರರು ಸೋತರು. ಈ ಗ್ರಂಥದ ಶಿಷ್ಯರು ತಿಳಿಯಬೇಕಾದ್ದು ಇಷ್ಟು: ಚಿಕ್ಕಮ್ಮನ ಉಯಿಲಿಗೆ ಬರಹಗಾರನನ್ನು ಹುಡುಕುವುದಕ್ಕೆ ನೀವೇ ಓಡಬೇಡಿ, ಕಾಫಿ ಕೂಡ ತಂದುಕೊಡಬೇಡಿ.

ಈ ಶಾಸ್ತ್ರದ ಮುಕುಟಮಣಿ 303ನೆಯ ಕಲಮು. ನಿಜವಾದ ನಿರ್ವಾಹಕನಾಗಲಿ ಆಡಳಿತಾಧಿಕಾರಿಯಾಗಲಿ ಇಲ್ಲದಿರುವಾಗ ಸತ್ತವನ ಸ್ವತ್ತಿಗೆ ಯಾವನು ಕೈಹಾಕುತ್ತಾನೋ, ಅವನು ತನ್ನ ತಪ್ಪಿನಿಂದ ತಾನೇ ನಿರ್ವಾಹಕನಾಗಿಬಿಡುತ್ತಾನೆ. ಕೈಗೆ ಬಂದ ಆಸ್ತಿಯ ಮಟ್ಟಿಗೆ ಮುಂದೆ ಲೆಕ್ಕ ಒಪ್ಪಿಸಬೇಕು. ಲಂಡನ್ನಿನ ನ್ಯಾಯಪಂಡಿತರು ಈ ಪುರುಷನನ್ನು ಊಹೆಯಿಂದ ಸೃಷ್ಟಿಸಿದರೆಂದು ನಂಬುವುದು ಕಷ್ಟ. ಅವರು ನಮ್ಮ ಸೋದರಮಾವನನ್ನು ನೋಡಿರಲೇಬೇಕು. ಹನ್ನೊಂದನೆಯ ದಿನ ಬಂದ, ಅತ್ತ, ಉಂಡ, ಹೊರಡುವಾಗ ಹಿತ್ತಲ ಬಚ್ಚಲಿನಿಂದ ತಾಮ್ರದ ಹಂಡೆಯನ್ನು ಆಟೋದಲ್ಲಿಟ್ಟ. ಕೇಳಿದರೆ, ಭಾವ ತನಗೆ ಕೊಡಬೇಕಿದ್ದ ದುಡ್ಡಿಗೆ ಇದು ಸರಿಹೋಯಿತು ಎಂದ. ಈ ಉತ್ತರ ಅಪಾಯಕಾರಿ. ತನ್ನ ಸಾಲಕ್ಕೆಂದು ಸತ್ತವನ ವಸ್ತು ಎತ್ತಿಕೊಂಡವನನ್ನೇ ಅಧಿನಿಯಮ ಉದಾಹರಣೆಯಾಗಿ ಕೊಟ್ಟಿದೆ.

ಪ್ರಾಜ್ಞನಾದ ಸೋದರಮಾವ ಬೇರೆ ಉತ್ತರ ಕೊಡುತ್ತಾನೆ. ವಸ್ತುವನ್ನು ಜೋಪಾನ ಮಾಡುವುದಕ್ಕೆ, ಅಂತ್ಯಕ್ರಿಯೆಗೆ, ಮನೆಯವರ ತುರ್ತಿಗೆ ಕೈಹಾಕಿದರೆ ದೋಷವಿಲ್ಲವೆಂದು ಅದೇ ಕಲಮಿನ ಅಪವಾದ. ಆದ್ದರಿಂದ ‘ಇಲ್ಲಿದ್ದರೆ ಕಳ್ಳರ ಪಾಲಾಗುತ್ತದೆ, ನಮ್ಮಲ್ಲಿ ಭದ್ರವಾಗಿರಲಿ’ ಎನ್ನಬೇಕು. ಹಾಗಾದರೆ ಭದ್ರವಾಗಿಟ್ಟ ಹಂಡೆಯಲ್ಲಿ ದೀಪಾವಳಿಗೆ ನೀರು ಕಾಯಿಸಿದರೆ? ಜೋಪಾನವೋ, ಉಪಭೋಗವೋ? ಒಂದು ಪಕ್ಷದವರು, ಬಳಸದ ಹಂಡೆ ಕಿಲುಬು ಹಿಡಿಯುವುದರಿಂದ ಬಳಸುವುದೇ ಸಂರಕ್ಷಣೆ ಎನ್ನುತ್ತಾರೆ. ಇವರೆಲ್ಲ ಸೋದರಮಾವಂದಿರು.

ನಾಮಿನಿಯ ಬಗ್ಗೆ ಲೋಕದಲ್ಲಿ ದೊಡ್ಡ ಭ್ರಮೆಯಿದೆ. ಬ್ಯಾಂಕ್ ಠೇವಣಿಯ ನಾಮಿನಿ ಒಡೆಯನಲ್ಲವೆಂದು 2010ರಲ್ಲಿ, ಷೇರುಗಳ ನಾಮಿನಿಯೂ ಅಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕರ್ತೃ ಸ್ನಾನ ಮುಗಿಸಿ ಬರುವ ತನಕ ದರ್ಭೆ ಹಿಡಿದು ನಿಂತವನು ನಾಮಿನಿ, ಅಷ್ಟೆ. ಅವನೇ ಪಿಂಡ ಪ್ರದಾನ ಶುರುಮಾಡಿದರೆ ವ್ಯಾಜ್ಯ.

ಇನ್ನು ಹೆಣ್ಣುಮಕ್ಕಳು. ಮಿತಾಕ್ಷರೆಯ ಹುಟ್ಟುಹಕ್ಕನ್ನು ಅವರಿಗೂ ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಆಗಿನ್ನೂ ಮದುವೆಯಾಗದಿದ್ದವರಿಗೆ. ದೇಶ 2005ರಲ್ಲಿ ತಂದಿತು, 2020ರಲ್ಲಿ ಸುಪ್ರೀಂ ಕೋರ್ಟು ಉಳಿದ ಸಂದೇಹ ತೆಗೆಯಿತು. ಇವಕ್ಕೆ ಪ್ರತಿಯಾಗಿ ಅಣ್ಣಂದಿರು ಕಂಡುಹಿಡಿದ ಶಾಂತಿಕರ್ಮಕ್ಕೆ ಹಕ್ಕು ಬಿಡುಗಡೆ ಪತ್ರವೆಂದು ಹೆಸರು. ಬೇಕಾಗುವ ದ್ರವ್ಯಗಳು: ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕಾರು, ‘ನಿನಗೇನು ಕಡಿಮೆಯಾಗಿದೆ’ ಎಂಬ ಮಂತ್ರ. ಸೀರೆಯ ಬೆಲೆಗೂ ಬಿಟ್ಟುಕೊಟ್ಟ ಎಕರೆಗೂ ಇರುವ ಅನುಪಾತವನ್ನು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಸಹಿ ಹಾಕದ ತಂಗಿಯನ್ನು ಊರಲ್ಲಿ ಕೋರ್ಟು ಹತ್ತಿದವಳು ಎನ್ನುತ್ತಾರೆ, ಹತ್ತಿಸಿದವನಿಗೆ ಹೆಸರಿಟ್ಟಿಲ್ಲ.

ಕೊನೆಯದಾಗಿ ಪೌತಿ ಖಾತೆ, ಅಂದರೆ ಸತ್ತವನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು. ಹಳ್ಳಿಗಳ ಪಹಣಿಯಲ್ಲಿ ಈಗಲೂ ಉಳುತ್ತಿರುವವರು ಮುತ್ತಜ್ಜಂದಿರು. ಅವರನ್ನು ಬಿಡುಗಡೆ ಮಾಡಲೆಂದು ಕಂದಾಯ ಇಲಾಖೆ ಇ-ಪೌತಿ ಆಂದೋಲನ ಹೂಡಿ ಗ್ರಾಮ ಆಡಳಿತಾಧಿಕಾರಿಗಳನ್ನು ಮನೆಬಾಗಿಲಿಗೆ ಕಳಿಸುತ್ತಿದೆ. ಬೇಕಾದ್ದು ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರ. ಮೊದಲನೆಯದನ್ನು ಕೂತು ಬರೆಯಬಹುದು, ಎರಡನೇ ಹೆಂಡತಿಯ ಕೊಂಬೆಯನ್ನು ಎಲ್ಲಿ ಬಿಡಿಸುವುದೆಂಬ ಜಗಳವೊಂದು ಮುಗಿದರೆ. ಎರಡನೆಯದರಲ್ಲಿ ತೊಡಕು. ಮುತ್ತಜ್ಜ ತೀರಿಹೋದದ್ದು ಪ್ಲೇಗಿನ ಕಾಲದಲ್ಲಿ, ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ವರ್ಷ ದಾಟಿದ ಸಾವನ್ನು ದಾಖಲಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕೈಗೆ ಬಂದಿದೆ. ಹೀಗಾಗಿ ಮುತ್ತಜ್ಜ ಸಾಯಲು ಈಗ ಉಪವಿಭಾಗಾಧಿಕಾರಿಗಳ ಅಪ್ಪಣೆಗಾಗಿ ಕಾದಿದ್ದಾನೆ. ಇಷ್ಟು ವಿಳಂಬವೇಕಾಯಿತೆಂದು ಅರ್ಜಿಯ ಜತೆ ವಿವರಣೆಯನ್ನೂ ಕೊಡಬೇಕು. ಈ ವಿವರಣೆಯ ಸ್ವರೂಪದ ಬಗ್ಗೆ ಮರಿಮಕ್ಕಳಲ್ಲಿ ಮೂರು ಮತಗಳಿವೆ, ಮೂರಕ್ಕೂ ನೋಟರಿಯ ಮುದ್ರೆ ಆಗಿದೆ.