ಡಂಜನ್ ಮೀಮಾಂಸೆ: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಸಾಮೂಹಿಕ ಮಟ್ಟಾರೋಹಣ

ಮಟ್ಟಾರೋಹಣವೆಂದರೆ ಆನ್‌ಲೈನ್ ಪಾತ್ರಾಭಿನಯದ ಆಟಗಳಲ್ಲಿ ಒಂದು ಪಾತ್ರವು ಭೂತ, ಪಿಶಾಚಿ, ಕಾಡುಹಂದಿ ಮುಂತಾದವನ್ನು ಸಂಹರಿಸಿ, ಅದರಿಂದ ದಕ್ಕುವ ಅನುಭವಾಂಕಗಳನ್ನು ಕೂಡಿಟ್ಟು, ಒಂದನೇ ಲೆವೆಲ್ಲಿನಿಂದ ಮೇಲಕ್ಕೆ ಏರುವ ಕ್ರಿಯೆ. ಒಬ್ಬನೇ ಬಯಲಿನಲ್ಲಿ ಹಂದಿ ಹೊಡೆಯುತ್ತ ಏರಿದರೆ ಅದು ಏಕಾಂತ ಮಟ್ಟಾರೋಹಣ. ಐದು ಮಂದಿ ಕೂಡಿ ಡಂಜನ್ ಎಂಬ ಭೂತಗಳ ಬಿಡಾರಕ್ಕೆ ನುಗ್ಗಿ ಏರಿದರೆ ಸಾಮೂಹಿಕ. ಎರಡನೆಯದು ಬೇಗ ಫಲ ಕೊಡುತ್ತದೆಂಬುದು ಸರ್ವಸಮ್ಮತ. ಆ ಬೇಗದಲ್ಲಿ ಕಾಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬಲ್ಲಿ ಮಾತ್ರ ಭಿನ್ನಮತಗಳಿವೆ. ‘ಮಟ್ಟ’ಕ್ಕೆ ‘ಆರೋಹಣ’ ಜೋಡಿಸುವುದು ಅರಿಸಮಾಸವೆಂದು ವೈಯಾಕರಣರು ಮೂಗು ಮುರಿಯಬಹುದು. ಕುಳ್ಳ, ಮಂತ್ರವಾದಿ, ಬೇಟೆಗಾರ, ಅರ್ಚಕ, ಕಳ್ಳ ಈ ಐವರು ಒಂದೇ ಗುಂಪಿನಲ್ಲಿ ನಡೆಯುವ ವಿದ್ಯೆಗೆ ಶುದ್ಧ ಸಮಾಸ ಎಲ್ಲಿಂದ ತರುವುದು?

‘ಡಂಜನ್’ ಶಬ್ದದ ಮೂಲ ಹಳೆಯ ಫ್ರೆಂಚಿನ ‘ದೋಂಜೋಂ’. ಅದರರ್ಥ ಕೋಟೆಯ ನಡುವಿನ ಎತ್ತರದ ಬುರುಜು, ಒಡೆಯನ ಮನೆ. ಕಾಲ ಕಳೆದಂತೆ ಅರ್ಥ ಮೆಟ್ಟಿಲಿಳಿದು ನೆಲಮಾಳಿಗೆಯ ಸೆರೆಮನೆಗೆ ಬಂದು ಕೂತಿತು. ಹಾಗಾಗಿ ಯಾದಗಿರಿಯೇ ಈ ಶಬ್ದದ ಮೂಲಾರ್ಥಕ್ಕೆ ಹತ್ತಿರದ ಊರು. ಇಲ್ಲಿ ಕೋಟೆ ಊರ ಪಕ್ಕದ ಗುಡ್ಡದ ನೆತ್ತಿಯ ಮೇಲಿದೆ, ಆಡುವ ಹುಡುಗರು ಕೆಳಗಿನ ಓಣಿಗಳಲ್ಲಿದ್ದಾರೆ. ಶಹಾಪುರದ ಮೊಬೈಲ್ ಅಂಗಡಿಗಳ ಎದುರು ಪ್ರಚಲಿತವಿರುವ ಇನ್ನೊಂದು ವ್ಯುತ್ಪತ್ತಿಯ ಪ್ರಕಾರ ಇದು ‘ದಂಡು ಜನ’ ಎಂಬುದರ ಅಪಭ್ರಂಶ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಒಮ್ಮೆಯಾದರೂ ಡಂಜನ್ ಹೊಕ್ಕವರು ಒಪ್ಪುತ್ತಾರೆ.

ಈ ಸೀಮೆಯ ಮಟ್ಟಾರೋಹಣಕ್ಕೆ ದೀರ್ಘ ಪೂರ್ವೇತಿಹಾಸವಿದೆ. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದ ಹುಣಸಗಿ ಪ್ರದೇಶದ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಅಗೆದು ತೋರಿಸಿದ ಆದಿ ಶಿಲಾಯುಗದ ನೆಲೆಯಲ್ಲಿ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಮಂದಿ ಗುಂಪಾಗಿ ಕೂತು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದರು. ಆಟದ ಭಾಷೆಯಲ್ಲಿ ಇದು ಆಯುಧ ತಯಾರಿಕೆಯ ಹಂತ. ಕೈಗೊಡಲಿಯ ಮಾದರಿ ಅನಂತರ ಲಕ್ಷಾಂತರ ವರ್ಷ ಹೆಚ್ಚೇನೂ ಬದಲಾಗಲಿಲ್ಲವೆಂದು ತಿಳಿದಾಗ ಒಂದು ಸಂಗತಿ ಖಚಿತವಾಗುತ್ತದೆ: ಅವರು ಆಡಿದ್ದು ಏಕಾಂತವೋ ಸಾಮೂಹಿಕವೋ, ಮೊದಲ ಲೆವೆಲ್ ಬಹಳ ನಿಧಾನಕ್ಕೆ ಕಳೆಯಿತು. ಮಿಕ್ಕ ಇತಿಹಾಸ ಚಿಕ್ಕದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಾಗದ, ಪೆನ್ಸಿಲ್, ದಾಳಗಳ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಟ ಹೊರತಂದರು. 1999ರ ‘ಎವರ್‌ಕ್ವೆಸ್ಟ್’ ಗುಂಪಿಲ್ಲದೆ ಬಾಳುವೆ ಇಲ್ಲವೆಂದು ಸಾಧಿಸಿತು. 2004ರ ನವೆಂಬರ್ 23ರಂದು ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 60 ಲೆವೆಲ್ಲುಗಳ ಏಣಿ ಇಟ್ಟಿತು. ಮುಂದಿನ ಲೆಕ್ಕವೆಲ್ಲ ಈ ಏಣಿಯದೇ.

ಲೆಕ್ಕ ಹೀಗಿದೆ. ಸಮಾನ ಲೆವೆಲ್ಲಿನ ಪ್ರಾಣಿಯೊಂದನ್ನು ಕೊಂದರೆ ಸಿಗುವ ಅಂಕ, ಲೆವೆಲ್ಲನ್ನು 5ರಿಂದ ಗುಣಿಸಿ 45 ಕೂಡಿಸಿದಷ್ಟು. 20ನೇ ಲೆವೆಲ್ಲಿನವನಿಗೆ 145. ಡಂಜನ್ನಿನೊಳಗಿನ ಪ್ರಾಣಿಗಳು ಗಟ್ಟಿ ಪಿಂಡಗಳು, ಆದ್ದರಿಂದ ಎರಡರಷ್ಟು, ಅಂದರೆ 290. ಐದು ಮಂದಿ ಇದ್ದರೆ ಒಟ್ಟು ಮೊತ್ತವನ್ನು 1.4ರಿಂದ ಹಿಗ್ಗಿಸಿ ಹಂಚುತ್ತಾರೆ. ತಲಾ 81 ಬರುತ್ತದೆ. ಒಬ್ಬನೇ ಇದ್ದಾಗ 145, ಕೂಡಿದಾಗ 81. ಇದನ್ನು ನೋಡಿದ ಕೂಡಲೇ ‘ಕೂಡಿ ಬಾಳಿದರೆ ಸ್ವರ್ಗಸುಖ’ ಎಂಬ ಗಾದೆಯ ಮೇಲೆ ಸಂಶಯ ಮೂಡುವುದು ಸಹಜ. ಪರಿಹಾರ ಸರಳ: ಒಬ್ಬ ಒಂದು ಕೊಲ್ಲುವಷ್ಟರಲ್ಲಿ ಗುಂಪು ಎರಡಕ್ಕಿಂತ ತುಸು ಕಡಿಮೆ ಕೊಂದರೂ ಲೆಕ್ಕ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಕೊಂದದ್ದೆಲ್ಲ ಲಾಭ. ಸಾಮೂಹಿಕ ಮಟ್ಟಾರೋಹಣದ ಗುಟ್ಟು ಇಷ್ಟೇ. ಅದು ಶೌರ್ಯದ ವಿಷಯವಲ್ಲ, ಕೈಚುರುಕಿನ ವಿಷಯ.

ಈ ಸೂತ್ರವನ್ನು ಶಹಾಪುರ, ಸುರಪುರ ಸೀಮೆಯ ಹೆಣ್ಣುಮಕ್ಕಳು ಕಂಪ್ಯೂಟರ್ ಇಲ್ಲದೆಯೇ ಬಲ್ಲರು. ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಬಂದ ಮೇಲೆ ಇಲ್ಲಿ ಭತ್ತದ ನಾಟಿ ಎಂದರೆ ಗುಂಪಿನ ಗುತ್ತಿಗೆ: ಎಕರೆಗೆ ಇಷ್ಟೆಂದು ಮಾತಾಡಿ, ಬಂದ ದುಡ್ಡನ್ನು ಸಮನಾಗಿ ಹಂಚಿಕೊಳ್ಳುವುದು. ಗುಂಪಿನ ಹಿರಿಯಳು ಸಸಿ ಹಿಡಿಯುವ ಬೆರಳು ನೋಡಿಯೇ ಆಳು ಆರಿಸುತ್ತಾಳೆ. ಹತ್ತು ಮಂದಿ ಸಾಲು ಮುಗಿಸಿ ಬದುವಿಗೆ ಬಂದು ನಿಂತಾಗ ಹನ್ನೊಂದನೆಯವಳು ಇನ್ನೂ ನಡುವಿನ ಕೆಸರಿನಲ್ಲಿದ್ದರೆ, ಮರುದಿನ ಬೆಳಿಗ್ಗೆ ಟಂಟಂ ಆಕೆಯ ಓಣಿಗೆ ಹೋಗುವುದಿಲ್ಲ. ಗುಂಪಿನ ಸದಸ್ಯರ ಲೆವೆಲ್ಲುಗಳ ನಡುವೆ ಹೆಚ್ಚು ಅಂತರ ಇರಕೂಡದೆಂಬ ನಿಯಮವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಆಟದ ಕೈಪಿಡಿಯೂ ಹೇಳಿಲ್ಲ. ಇಂಥ ಮನೆಯೊಂದರಲ್ಲಿ “ಯವ್ವಾ, ಒಂದ್ ಲೆವೆಲ್ ಉಳದಾದ, ಕರೆಂಟ್ ಹೋಗದ್ರಾಗ ಮುಗಿಸ್ತೀನಿ” ಎಂದ ಮಗನಿಗೆ ಸಿಕ್ಕ ಉತ್ತರ ಶಾಸ್ತ್ರದ ದೃಷ್ಟಿಯಿಂದ ಗಮನಾರ್ಹ: “ಐದ್ ಮಂದಿ ಕೂಡಿ ಒಂದ್ ಹಂದಿ ಹೊಡೀಲಾಕ ಇಷ್ಟೊತ್ತೇನೋ? ನಾವು ಹದಿನೈದು ಮಂದಿ ಮೂರು ಎಕರೆ ಹಚ್ಚಿ ಬಂದೀವಿ. ರೊಟ್ಟಿ ತಿನ್ನು ಬಾ.”

ಗುಂಪಿನ ರಚನೆಯಲ್ಲಿ ಮೂರು ವರ್ಣಗಳಿವೆ. ಮುಂದೆ ನಿಂತು ಎಲ್ಲ ಪೆಟ್ಟು ತಿನ್ನುವವ ಟ್ಯಾಂಕು. ಹಿಂದೆ ನಿಂತು ಅವನ ಗಾಯ ಮಾಯಿಸುವವ ಹೀಲರು. ನಡುವೆ ನಿಂತು ಹೊಡೆಯುವವರು ಮೂವರು. ಹೊಡೆಯುವವರಿಗೆ ಬರವಿಲ್ಲ, ಎಲ್ಲ ಊರಲ್ಲೂ ಹೊಡೆಯುವವರೇ ಹೆಚ್ಚು. ಪೆಟ್ಟು ತಿನ್ನುವವ ಕಷ್ಟಪಟ್ಟರೆ ಸಿಗುತ್ತಾನೆ. ಗಾಯ ಮಾಯಿಸುವವ ಸಿಗುವುದಿಲ್ಲ. ಹಾಗಾಗಿ ಡಂಜನ್ನಿನ ಮುಖ್ಯ ಕ್ರಿಯೆ ಯುದ್ಧವಲ್ಲ, ಐದನೆಯವನಿಗಾಗಿ ಕಾಯುವುದು. ಇದರ ಅತ್ಯುತ್ತಮ ಮಾದರಿಯನ್ನು ಶಹಾಪುರದಿಂದ ಸುರಪುರಕ್ಕೆ ಹೊರಡುವ ಕ್ರೂಸರಿನಲ್ಲಿ ಕಾಣಬಹುದು. ಗಾಡಿ ವೇಳೆಗೆ ಹೊರಡುವುದಿಲ್ಲ, ತುಂಬಿದಾಗ ಹೊರಡುತ್ತದೆ. ಎಂಜಿನ್ ಚಾಲೂ ಇರುತ್ತದೆ, ಅದು ಬರೀ ಆಶ್ವಾಸನೆ. “ಒಂದೇ ಸೀಟ್ ಬಾಕಿ ಅದ, ಬರ್ರಿ ಬರ್ರಿ” ಎಂಬ ಕೂಗು ಏಳು ಸೀಟು ಖಾಲಿ ಇದ್ದಾಗಲೇ ಶುರುವಾಗಿರುತ್ತದೆ. ಕೊನೆಗೆ ಒಂದೇ ಸೀಟು ನಿಜವಾಗಿಯೂ ಉಳಿದಾಗ, ಮೊದಲು ಬಂದು ಕಿಟಕಿ ಹಿಡಿದಿದ್ದ ಮುತ್ಯಾ ಬೇಸತ್ತು ಚಹಾಕ್ಕೆ ಇಳಿಯುತ್ತಾನೆ. ಅವನನ್ನು ಕರೆತರಲು ಮೊಮ್ಮಗ ಇಳಿಯುತ್ತಾನೆ. ಹೊಸಬ ಹತ್ತಿ ನೋಡಿದರೆ ಎರಡು ಸೀಟು ಖಾಲಿ, ಅವನೂ ಇಳಿಯುತ್ತಾನೆ. ಗುಂಪು ಕೂಡುವ ಹೊತ್ತಿಗೆ ಗುಂಪು ಚದುರುವ ಈ ವಿದ್ಯಮಾನಕ್ಕೆ ಗೇಮರುಗಳಲ್ಲಿ ಹತ್ತಾರು ಬೈಗುಳಗಳಿವೆ. ಶಾಸ್ತ್ರೀಯ ಹೆಸರು ಒಂದೂ ಇಲ್ಲ. ಈ ಪ್ರಬಂಧವು ‘ಮುತ್ಯಾ ಪರಿಣಾಮ’ವನ್ನು ಸೂಚಿಸುತ್ತದೆ.

ಈ ಕಾಯುವಿಕೆಗೆ ಮದ್ದಾಗಿ ಆಟದ ಕಂಪನಿಯು 2009ರ ಡಿಸೆಂಬರ್ 8ರಂದು ‘ಡಂಜನ್ ಫೈಂಡರ್’ ಎಂಬ ವ್ಯವಸ್ಥೆ ತಂದಿತು. ಬೇರೆ ಬೇರೆ ಸರ್ವರುಗಳಲ್ಲಿ ಚದುರಿದವರನ್ನು ಹುಡುಕಿ, ಐವರನ್ನು ಕಟ್ಟಿ, ನೇರ ಡಂಜನ್ನಿನ ಬಾಗಿಲಿಗೆ ಒಯ್ದು ಬಿಡುವುದು ಅದರ ಕೆಲಸ. ಅದೇ ತಿಂಗಳ 30ರಂದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳನ್ನು ಗುಲಬರ್ಗಾದಿಂದ ಬಿಡಿಸಿ, ಕಟ್ಟಿ, ಯಾದಗಿರಿ ಜಿಲ್ಲೆ ಮಾಡಲಾಯಿತು. ನಡುವೆ 22 ದಿನಗಳ ಅಂತರ. ಎರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಸಾಬೀತಾಗಿಲ್ಲ. ಇಲ್ಲವೆಂದು ಸಾಧಿಸಲು ಯಾರೂ ಮುಂದೆ ಬಂದಿಲ್ಲ.

ಸಾಮೂಹಿಕ ದಾಳಿಯ ಐತಿಹಾಸಿಕ ದೃಷ್ಟಾಂತಗಳಲ್ಲಿ ಸುರಪುರದ ಬಳಿಯ ವಾಗಣಗೇರಾ ಮುತ್ತಿಗೆಗೆ ಸಮನಾದುದಿಲ್ಲ. 1705ರಲ್ಲಿ ಔರಂಗಜೇಬನು ತನ್ನ 86ನೇ ವಯಸ್ಸಿನಲ್ಲಿ, ಆ ಕಾಲದ ಹಿಂದೂಸ್ತಾನದಲ್ಲಿ ಲಭ್ಯವಿದ್ದ ಅತ್ಯುಚ್ಚ ಲೆವೆಲ್ಲಿನ ಪಾತ್ರವಾಗಿ, ಬೇಡ ನಾಯಕರ ಈ ಚಿಕ್ಕ ಕೋಟೆಗೆ ಖುದ್ದು ಬಂದನು. ಗುಂಪು ಸಾಲದೆಂದು ನಡುವೆ ತನ್ನ ಸೇನಾನಿ ಜುಲ್ಫಿಕರ್ ಖಾನನನ್ನೂ ಕರೆಸಿಕೊಂಡನು. ಒಳಗಿದ್ದ ಪಿಡ್ಡನಾಯಕನ ಗುಂಪು ಸಣ್ಣದಾದರೂ ಶಾಸ್ತ್ರಶುದ್ಧವಾಗಿತ್ತು: ಪೆಟ್ಟು ತಿನ್ನಲು ಗುಡ್ಡ ಮತ್ತು ಗೋಡೆ, ದೂರದಿಂದ ಹೊಡೆಯಲು ಗುರಿಗೆ ಹೆಸರಾದ ಬೇಡ ಬಂದೂಕುಗಾರರು, ಹೊತ್ತಿಗೆ ಸರಿಯಾಗಿ ಹೊರಗಿನಿಂದ ಬಂದು ಜೀವ ತುಂಬಲು ಧನಾಜಿ ಜಾಧವನ ಮರಾಠರು. ಸಂಧಾನದ ಮಾತು ಎತ್ತಿ ನಾಯಕ ದಿನ ತಳ್ಳಿದ. ಗೇಮರುಗಳು ಇದನ್ನೇ ಕೂಲ್‌ಡೌನ್ ಎನ್ನುತ್ತಾರೆ. ಮುತ್ತಿಗೆ ಮೂರು ತಿಂಗಳಿಗೆ ಹತ್ತಿರವಾಗುತ್ತಿದ್ದಾಗ, ಏಪ್ರಿಲಿನ ಒಂದು ರಾತ್ರಿ ಪಿಡ್ಡನಾಯಕ ತನ್ನ ಮಂದಿಯೊಂದಿಗೆ ಜಾರಿಕೊಂಡ. ಒಳಹೊಕ್ಕ ಮೊಗಲರಿಗೆ ಸಿಕ್ಕಿದ್ದು ಉರಿಯುವ ಮನೆಗಳ ಖಾಲಿ ಕೋಟೆ. ಬೆಟ್ಟ ಅಗೆದು ಇಲಿ ಹಿಡಿದವರಿಗೆ ಇಲಿಯಾದರೂ ಸಿಗುತ್ತದೆ. ಇಲ್ಲಿ ಅದೂ ಇಲ್ಲ. ಲೆವೆಲ್ ಬಹಳ ಮೀರಿದವನು ಕೆಳಗಿನ ಡಂಜನ್ನಿಗೆ ನುಗ್ಗಿದರೆ ಎದುರಾಳಿಗಳ ಲೆವೆಲ್ ಅಂಕಿ ಬೂದು ಬಣ್ಣಕ್ಕೆ ತಿರುಗುತ್ತದೆ, ಅನುಭವಾಂಕ ಸೊನ್ನೆಯಾಗುತ್ತದೆ ಎಂಬ ನಿಯಮ ಬಾದಶಹನಿಗೆ ಅನ್ವಯವಾದ ಬಗೆ ಇದು. ನಾಯಕರ ಅಂಕ ಏರಿತು, ಮುಂದೆ ಸುರಪುರ ಅವರ ರಾಜಧಾನಿಯಾಗಿ ಬೆಳೆಯಿತು. ಔರಂಗಜೇಬ ಮತ್ತೆ ಯಾವ ಕೋಟೆಗೂ ಮುತ್ತಿಗೆ ಹಾಕಲಿಲ್ಲ.

ಅವನು ಆಮೇಲೆ ಮಾಡಿದ್ದು ವಿಶ್ರಾಂತಿ. ಕೃಷ್ಣಾ ತೀರದ ದೇವಾಪುರದಲ್ಲಿ ಡೇರೆ ಹಾಕಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ. ಆಟದಲ್ಲೂ ವಿಶ್ರಾಂತಿಗೆ ಬೆಲೆಯಿದೆ: ಪಾತ್ರವನ್ನು ಛತ್ರದಲ್ಲಿ ಮಲಗಿಸಿ ಹೊರಬಂದರೆ 8 ತಾಸಿಗೆ ಲೆವೆಲ್ಲಿನ ಶೇ 5ರಷ್ಟು ಪುಣ್ಯ ಜಮೆಯಾಗಿ, ಅದು ಮುಗಿಯುವವರೆಗೆ ಕೊಂದದ್ದಕ್ಕೆಲ್ಲ ಎರಡರಷ್ಟು ಅಂಕ. ಈ ಏರ್ಪಾಡಿಗೊಂದು ರಂಜಕ ಹಿನ್ನೆಲೆ ಇದೆ. ಆಟದ ಪರೀಕ್ಷಾ ಹಂತದಲ್ಲಿ ಇದು ದಂಡವಾಗಿತ್ತು. ಹೆಚ್ಚು ಹೊತ್ತು ಆಡಿದವರ ಅಂಕವನ್ನು ಅರ್ಧ ಮಾಡುತ್ತಿದ್ದರು. ಮಂದಿ ರೇಗಿದಾಗ ಲೆಕ್ಕ ಹಾಗೇ ಇಟ್ಟು ಹೆಸರು ತಿರುಗಿಸಿದರು: ಅರ್ಧವನ್ನು ‘ಮಾಮೂಲು’ ಎಂದರು, ಪೂರ್ತಿಯನ್ನು ‘ಎರಡರಷ್ಟು’ ಎಂದರು. ಎಲ್ಲರೂ ಸಂತುಷ್ಟರಾದರು. ಹಬ್ಬದ ರಿಯಾಯಿತಿ ಬೋರ್ಡು ಬರೆಯುವ ಬಟ್ಟೆ ಅಂಗಡಿಯವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಗಮನಿಸಬೇಕಾದ್ದು, ಈ ಪುಣ್ಯ ಹತ್ತು ದಿನಕ್ಕೆ ತುಂಬಿಬಿಡುತ್ತದೆ. ಹನ್ನೊಂದನೇ ದಿನದಿಂದ ದೇವಾಪುರದ ವಾಸ ಶುದ್ಧ ನಷ್ಟ.

ಹೊರೆ ಮಟ್ಟಾರೋಹಣವೆಂಬ ಉಪಪ್ರಕಾರವೊಂದಿದೆ. 60ರ ಮಂತ್ರವಾದಿಯೊಬ್ಬ ಡಂಜನ್ನಿನ ಭೂತಗಳನ್ನೆಲ್ಲ ಹಿಂದೆ ಹಿಂದೆ ಓಡಿಸಿಕೊಂಡು ಬಂದು, ಒಂದೆಡೆ ಗುಡ್ಡೆ ಹಾಕಿ, ಹಿಮದ ಮಳೆ ಸುರಿಸಿ ಕೊಲ್ಲುತ್ತಾನೆ. ಕಾಸು ಕೊಟ್ಟ ಚಿಕ್ಕವರು ಬಾಗಿಲ ಬಳಿ ನಿಂತಿರುತ್ತಾರೆ. ಅಷ್ಟೇ ಅವರ ಕೆಲಸ. ಅಂಕ ಹಂಚುವುದು ಲೆವೆಲ್ಲಿನ ಪ್ರಮಾಣದಲ್ಲಿ, ಆದ್ದರಿಂದ 60ರವನೊಡನೆ ನಿಂತ 20ರವನಿಗೆ ದಕ್ಕುವುದು ಕಾಲು ಭಾಗ. ಆದರೂ ನೂರಾರು ಭೂತಗಳ ಕಾಲು ಭಾಗ ಒಂದು ಹಂದಿಯ ಇಡೀ ಭಾಗಕ್ಕಿಂತ ದೊಡ್ಡದು. ಏಣಿ 60 ದಾಟಿ ಬೆಳೆದ ಮೇಲೆ, 2014ರಲ್ಲಿ ಕಂಪನಿಯೇ 60 ಡಾಲರಿಗೆ ನೇರವಾಗಿ 90ನೇ ಲೆವೆಲ್ ಮಾರಲು ಶುರುಮಾಡಿ ಈ ಗುಡಿ ಕೈಗಾರಿಕೆಗೆ ಪೈಪೋಟಿ ಒಡ್ಡಿತು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಕಂಬಾರೋಹಣದಲ್ಲಿ ಮಾತ್ರ ಇಂಥ ಅನುಕೂಲ ಇನ್ನೂ ಬಂದಿಲ್ಲ. ಅಲ್ಲಿ ಹೆಗಲು ಕೊಡುವವರು ಹೆಗಲನ್ನೇ ಕೊಡಬೇಕು, ನೀರು ಎರಚುವವರು ಎರಚುತ್ತಲೇ ಇರುತ್ತಾರೆ, ಏರುವವ ಏರಲೇಬೇಕು.

ಸರ್ಕಾರಿ ಮಟ್ಟಾರೋಹಣದ ಬಗ್ಗೆ ಎರಡು ಮಾತು ಸಾಕು. 2018ರ ಜನವರಿಯಲ್ಲಿ ಶುರುವಾದ ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಯಾದಗಿರಿ ಮತ್ತು ರಾಯಚೂರು ಆಯ್ಕೆಯಾದವು. 49 ಸೂಚ್ಯಂಕಗಳು, ಐದು ಕ್ಷೇತ್ರಗಳು. ಮತ್ತೆ ಅದೇ ಐವರ ಗುಂಪು. ಇರುವ ಲೆವೆಲ್ಲಿಗಿಂತ ಆ ತಿಂಗಳು ಎಷ್ಟು ಏರಿತು ಎಂಬುದಕ್ಕೇ ರ‍್ಯಾಂಕು, ಹಾಗಾಗಿ ಕೆಳಗಿರುವವರಿಗೆ ಏರುವುದು ಸಲೀಸು. ಆರೋಗ್ಯಕ್ಕೆ ಶೇ 30 ತೂಕ ಕೊಟ್ಟಿರುವುದನ್ನು ಗೇಮರುಗಳು ಒಪ್ಪಲೇಬೇಕು, ಹೀಲರ್ ಹುದ್ದೆ ತುಂಬುವ ಕಷ್ಟ ಅವರಿಗೆ ಗೊತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಆಟದಲ್ಲಿ ಹೆಸರು ಬದಲಿಸಿದ್ದಕ್ಕೆ ಅನುಭವಾಂಕ ಕೊಡುವ ಪದ್ಧತಿಯಿಲ್ಲ, ಶುಲ್ಕ ಕಟ್ಟಿಸಿಕೊಳ್ಳುತ್ತಾರೆ.

ಉಳಿದದ್ದು ಕೊನೆಯ ಮಟ್ಟದ ಸ್ವರೂಪ. 2004ರ ಆಟದಲ್ಲಿ ಅದು 60. ಕರ್ನಾಟಕ ಸರ್ಕಾರಿ ನೌಕರರ ನಿವೃತ್ತಿಯೂ 60ಕ್ಕೆ, ಅರಳು ಮರಳೂ ಅರವತ್ತಕ್ಕೆ. ಅಲ್ಲಿಯವರೆಗೆ ಪರದೆಯ ಬುಡದಲ್ಲಿ ಒಂದು ನೇರಳೆ ಪಟ್ಟಿ ಇರುತ್ತದೆ. ಹಂದಿ ಸತ್ತಾಗಲೆಲ್ಲ ಅದು ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ, ಅದನ್ನು ನೋಡುತ್ತಲೇ ಹುಡುಗರು ರಾತ್ರಿ ಕಳೆಯುತ್ತಾರೆ. 60 ಮುಟ್ಟಿದ ಗಳಿಗೆಗೆ ಆ ಪಟ್ಟಿ ಪರದೆಯಿಂದ ಮಾಯವಾಗುತ್ತದೆ.