ರಾಜಾಸೀಟಿನಲ್ಲಿ ಜಯನಗರ

ಏಪ್ರಿಲ್ ಬಂತೆಂದರೆ ಜಯನಗರ, ಬನಶಂಕರಿಯ ದಂಪತಿಗಳಿಗೆಲ್ಲ ಬೆಟ್ಟದ ಜ್ವರ. ಹಿಂದಿನ ಸೀಟಿಗೆ ಪುಳಿಯೋಗರೆ, ಕೋಡುಬಳೆ, ಬೇಡವೆಂದರೂ ಸ್ವೆಟರು. ಕಾರು ಹೊರಟಿತು ಮಡಿಕೇರಿಗೆ. ಹೊಸ ಹೆದ್ದಾರಿ ಊರೊಳಗೆ ಇಳಿಯದೆ ಸಾಗಿದರೂ ನಮ್ಮವರು ಮದ್ದೂರು ವಡೆಗೆಂದು ಇಳಿದೇ ಇಳಿದರು. ಡಯಟ್ಟು ಕೆಂಗೇರಿ ದಾಟುವ ತನಕ ಮಾತ್ರ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ನಮ್ಮ ಬೆಂಗಳೂರು ಸುಮಾರು 920. ಗಂಡನಾದವನು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಬಾರದು. ನಮ್ಮವರು ಹೇಳಿಬಿಟ್ಟರು.

"ಇನ್ನೂರು ಚಿಲ್ಲರೆ ಮೀಟರ್ ಹತ್ತೋಕೆ ಇನ್ನೂರೈವತ್ತು ಕಿಲೋಮೀಟರ್ ಓಡಿಸಿದ್ನಲ್ಲೇ!"

"ಹಾಗಾದ್ರೆ ತಾರಸಿ ಮೇಲೆ ಏಣಿ ಹಾಕ್ಕೊಂಡು ಕೂತಿರಬೇಕಿತ್ತು ಕಣ್ರೀ. ಪೆಟ್ರೋಲೂ ಉಳೀತಿತ್ತು."

ಕೋಟೆಯೊಳಗೆ ಆಳೆತ್ತರ ಮೀರಿದ ಎರಡು ಗಾರೆಯಾನೆಗಳಿವೆ. ಅವುಗಳ ಮುಂದೆ ಫೋಟೋಗೆಂದು ಹೊಟ್ಟೆ ಒಳಗೆಳೆದುಕೊಂಡು ನಿಂತು, "ಎಲ್ಲಾ ಬಂತಾ?" ಅಂದರು. "ಮೂರೂ ಬಂದಿವೆ" ಅಂದೆ. ಅಲ್ಲಿಂದ ಓಂಕಾರೇಶ್ವರನ ಗುಡಿಯವರೆಗೆ ಮೌನವ್ರತ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ. ಕೊಳದ ಮೀನುಗಳನ್ನು ಕಂಡಾಗಲೇ ಅವರ ಮಾತು ಮರಳಿದ್ದು: "ನೋಡು, ಎಷ್ಟು ಸುಮ್ಮನಿವೆ!"

ಸಂಜೆ ರಾಜಾಸೀಟು. ಕೊಡಗಿನ ಅರಸರು ಸೂರ್ಯಾಸ್ತ ನೋಡುತ್ತಿದ್ದ ಜಾಗ. ಅರಸರಿಗೆ ಸೆಲ್ಫಿ ಕೋಲುಗಳ ಕಾಟವಿರಲಿಲ್ಲ. ನಮಗೆ ಕಂಡದ್ದು ಪರರ ಮೊಣಕೈ. ಪಕ್ಕದಲ್ಲಿದ್ದವರು ಕೇಳಿದರು: "ನೀವೂ ಜಯನಗರದವರಾ? ಎಷ್ಟನೇ ಬ್ಲಾಕು?" ಅಷ್ಟೇ! ಗಂಡಸರಿಬ್ಬರೂ ಕಣಿವೆಗೆ ಬೆನ್ನು ಹಾಕಿ, ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿನ ಹತ್ತಿರ ಕಾರು ನಿಲ್ಲಿಸಲು ಜಾಗ ಹುಡುಕುವ ಚರ್ಚೆಗಿಳಿದರು. ನಾನೂ ಆ ಪಕ್ಕದವರ ಹೆಂಡತಿಯೂ ಬಿಸಿ ಜೋಳದ ತೆನೆ ಕೊಳ್ಳಲು ನಡೆದೆವು. ದುಡ್ಡು ಅವರ ಜೇಬಿನದು.